ಸ್ಟಿಂಗ್‌ರೇ ಜೊತೆ ಐದು ವರ್ಷ: ಷೆವರ್ಲೆಯ ಸಾಲಿನಲ್ಲಿ ಎಂಟನೆಯ ತಲೆಮಾರಿನ ಕಾರ್ವೆಟ್

ಅಮೆರಿಕದ ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರಾದ ಕಾರ್ವೆಟ್ಟಿನ 2021ರ ಸ್ಟಿಂಗ್‌ರೇ ಮಾದರಿಯನ್ನು ನಾನು ಓಡಿಸಲು ತೊಡಗಿ ಇದು ಐದನೆಯ ವರ್ಷ. ಓಡೋಮೀಟರ್ 41 ಸಾವಿರ ಮೈಲಿ, ಅಂದರೆ ಸುಮಾರು 66 ಸಾವಿರ ಕಿಲೋಮೀಟರ್ ತೋರಿಸುತ್ತಿದೆ. ಕಾರು ಹೊಸದಾಗಿದ್ದಾಗಲೇ ಬರೆಯಲು ಕುಳಿತಿದ್ದರೆ ಬಹುಶಃ ವೇಗದ ಬಗ್ಗೆಯಷ್ಟೇ ಬರೆಯುತ್ತಿದ್ದೆ. ಇಷ್ಟು ಕಾಲ ದಿನನಿತ್ಯದ ಕೆಲಸಕ್ಕೆ ಬಳಸಿದ ಮೇಲೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು ಬೇರೊಂದು ಪ್ರಶ್ನೆ: ಪಿಕಪ್ ಟ್ರಕ್ಕುಗಳನ್ನೂ ಕುಟುಂಬದ ಎಸ್‌ಯುವಿಗಳನ್ನೂ ಮಾರಿ ಬದುಕುವ ಕಂಪನಿಯ ಸಾಲಿನಲ್ಲಿ, ಸೀಟಿನ ಬೆನ್ನಿಗೇ ಎಂಜಿನ್ ಇಟ್ಟುಕೊಂಡ, ಇಬ್ಬರಿಗೆ ಮಾತ್ರ ಜಾಗವಿರುವ ಈ ಕಾರಿನ ಸ್ಥಾನ ಯಾವುದು? ಆ ಸಾಲಿನ ಮೇಲ್ತುದಿಯಲ್ಲಿ ಈಗ ಇನ್ನೂ ದೊಡ್ಡ, ಇನ್ನೂ ದುಬಾರಿ ಕಾರ್ವೆಟ್‌ಗಳು ಬಂದು ನಿಂತಿರುವಾಗ, ಎಲ್ಲಕ್ಕಿಂತ ಕೆಳಗಿನ ಮಾದರಿಯನ್ನು ಕೊಂಡ ನನ್ನಂಥವರಿಗೆ ಸಿಕ್ಕಿದ್ದೇನು? ಈ ವಿಮರ್ಶೆಯನ್ನು ಆ ಎರಡು ಪ್ರಶ್ನೆಗಳ ಸುತ್ತಲೇ ಬರೆಯುತ್ತಿದ್ದೇನೆ.

ಈ ತಲೆಮಾರು ಏಕೆ ಮುಖ್ಯವೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1953ರ ಜನವರಿ 17ರಂದು ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಮೊದಲ ಕಾರ್ವೆಟ್ ಪ್ರದರ್ಶನಗೊಂಡಾಗ ಅದರಲ್ಲಿದ್ದದ್ದು ಆರು ಸಿಲಿಂಡರಿನ ಎಂಜಿನ್ ಮತ್ತು ಎರಡೇ ಗೇರುಗಳ ಆಟೋಮ್ಯಾಟಿಕ್. ಆ ವರ್ಷ ತಯಾರಾದದ್ದು ಕೇವಲ 300 ಕಾರುಗಳು. 1955ರಲ್ಲಿ ಷೆವರ್ಲೆಯ ಎಂಟು ಸಿಲಿಂಡರಿನ ಹೊಸ ಚಿಕ್ಕ ವಿ8 ಎಂಜಿನ್ ಬಂದ ಮೇಲೆಯೇ ಅದಕ್ಕೆ ನಿಜವಾದ ಜೀವ ಬಂದದ್ದು. ಆ ಮೊದಲ ಪ್ರದರ್ಶನವನ್ನು ನೋಡಿ ಮನಸೋತು ಕಂಪನಿಯನ್ನು ಸೇರಿದ ಎಂಜಿನಿಯರ್ ಝೋರಾ ಅರ್ಕಸ್ ಡಂಟೋವ್, ಎಂಜಿನ್ ಚಾಲಕನ ಹಿಂದೆ ಇರಬೇಕೆಂದು ಪಟ್ಟು ಹಿಡಿದು ವಾದಿಸಿದರು. 1960ರಲ್ಲಿಯೇ ಅಂಥದೊಂದು ಪ್ರಾಯೋಗಿಕ ಕಾರನ್ನೂ ಕಟ್ಟಿ ತೋರಿಸಿದರು. ಅವರು 1975ರಲ್ಲಿ ನಿವೃತ್ತರಾದರು, 1996ರಲ್ಲಿ ತೀರಿಕೊಂಡರು. ಕಂಪನಿ ಮಾತ್ರ ಎಂಜಿನ್ನನ್ನು ಮುಂದೆಯೇ ಇಟ್ಟುಕೊಂಡು ಏಳು ತಲೆಮಾರುಗಳನ್ನು ದಾಟಿತು. ಕೊನೆಗೆ 2019ರ ಜುಲೈ 18ರಂದು ಕ್ಯಾಲಿಫೋರ್ನಿಯಾದಲ್ಲಿ ಅನಾವರಣಗೊಂಡ ಎಂಟನೆಯ ತಲೆಮಾರಿನಲ್ಲಿ ಅವರ ಮಾತು ನಡೆಯಿತು.

ಇದು ಹಳೆಯ ಆಸೆಯನ್ನು ತೀರಿಸುವುದಕ್ಕಾಗಿ ಮಾತ್ರ ಮಾಡಿದ ಬದಲಾವಣೆಯಲ್ಲ. ಏಳನೆಯ ತಲೆಮಾರಿನ ಕೊನೆಯ ಝಡ್‌ಆರ್1 ಮಾದರಿ 755 ಅಶ್ವಶಕ್ತಿಯನ್ನು ಮುಂದಿನಿಂದ ಹಿಂದಿನ ಚಕ್ರಗಳಿಗೆ ಕಳಿಸುತ್ತಿತ್ತು. ಮೂತಿಯಲ್ಲಿ ಭಾರ, ಬಾಲದಲ್ಲಿ ಶಕ್ತಿ ಎಂಬ ಆ ವ್ಯವಸ್ಥೆಯಲ್ಲಿ ಎಂಜಿನ್ನಿನ ಬಲವನ್ನು ಇನ್ನಷ್ಟು ಹೆಚ್ಚಿಸಿದರೂ ಅದನ್ನು ರಸ್ತೆಗೆ ಊರುವುದು ಹಿಂದಿನ ಟೈರುಗಳಿಗೆ ಸಾಧ್ಯವಿರಲಿಲ್ಲ. ಈಗ ಕಾರಿನ ಭಾರದಲ್ಲಿ ಶೇಕಡಾ 60ರಷ್ಟು ಹಿಂದಿನ ಚಕ್ರಗಳ ಮೇಲೆಯೇ ಕೂರುತ್ತದೆ. ಚಾಲಕನ ಸೀಟು ಹಳೆಯ ಕಾರಿನಲ್ಲಿ ಇದ್ದುದಕ್ಕಿಂತ ಹದಿನಾರೂವರೆ ಇಂಚು ಮುಂದಕ್ಕೆ ಬಂದಿದೆ. ಈ ಸಂಖ್ಯೆಯನ್ನು ಕಾಗದದಲ್ಲಿ ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಮೊದಲ ಸಲ ಮಲೆಯ ತಿರುವಿನ ದಾರಿಯಲ್ಲಿ ಓಡಿಸಿದಾಗ, ಮೂತಿ ಕಣ್ಣಿನೆದುರಿಗೆ ಇಳಿಜಾರಾಗಿ ಮುಗಿದುಹೋಗಿ ರಸ್ತೆ ಕಾಲಬುಡದಿಂದಲೇ ಶುರುವಾಗುವಂತೆ ಕಂಡಿತು. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ನನ್ನ ಸೊಂಟವನ್ನೇ ನಡುವಿಟ್ಟುಕೊಂಡು ತಿರುಗುತ್ತದೆ. ಐದು ವರ್ಷಗಳಾದರೂ ಈ ಅನುಭವ ನನಗೆ ಹಳತಾಗಿಲ್ಲ.

ಮಳೆಯಲ್ಲಿ ಇದರ ನಡತೆ ನನಗೆ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಟ್ಟ ಸಂಗತಿ. ನನ್ನ ಕಾರಿನಲ್ಲಿ ಝಡ್51 ಎಂಬ ಐಚ್ಛಿಕ ಸಜ್ಜು ಇರುವುದರಿಂದ ಶಕ್ತಿ 495 ಅಶ್ವಶಕ್ತಿ, ಬ್ರೇಕುಗಳು ದೊಡ್ಡವು, ಹಿಂದಿನ ಎರಡು ಚಕ್ರಗಳಿಗೆ ಶಕ್ತಿಯನ್ನು ಹಂಚುವ ಡಿಫರೆನ್ಷಿಯಲ್ ವಿದ್ಯುನ್ಮಾನ ನಿಯಂತ್ರಣದ್ದು. ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗವನ್ನು ಮೂರು ಸೆಕೆಂಡಿಗಿಂತ ತುಸು ಮೊದಲೇ ಮುಟ್ಟುವ ಕಾರು, ಒದ್ದೆ ಹೆದ್ದಾರಿಯಲ್ಲಿ ನೂರಾರು ಮೈಲಿ ಸಾಗುವಾಗ ಇಷ್ಟು ಸಮಾಧಾನವಾಗಿ ಇರಬಲ್ಲದು ಎಂದು ನಾನು ಎಣಿಸಿರಲಿಲ್ಲ. ನಿಧಾನವಾಗಿ ಸಾಗುವಾಗ ಎಂಟು ಸಿಲಿಂಡರುಗಳಲ್ಲಿ ನಾಲ್ಕು ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತವೆ. ಹೆದ್ದಾರಿಯಲ್ಲಿ ಗ್ಯಾಲನ್ನಿಗೆ 25ರಿಂದ 26 ಮೈಲಿ, ಅಂದರೆ ಲೀಟರಿಗೆ ಹತ್ತಿರ ಹತ್ತಿರ 11 ಕಿಲೋಮೀಟರ್ ಮೈಲೇಜ್ ನನಗೆ ಸಿಕ್ಕಿದೆ. ಊರೊಳಗೆ ಅದು ಲೀಟರಿಗೆ ಆರೂವರೆಗೆ ಇಳಿಯುತ್ತದೆ. ಎರಡು ಪೆಡಲಿನ, ಎಂಟು ಗೇರುಗಳನ್ನು ತಾನಾಗಿಯೇ ಬದಲಿಸಿಕೊಳ್ಳುವ ಡ್ಯುಯಲ್ ಕ್ಲಚ್ ವ್ಯವಸ್ಥೆ ಮಾತ್ರ ಇದೆ. ಕೈಯಿಂದ ಹಾಕುವ ಗೇರು ಈ ತಲೆಮಾರಿನಲ್ಲಿ ಇಲ್ಲವೇ ಇಲ್ಲ. ಕ್ಲಚ್ ತುಳಿದು ಗೇರು ಬದಲಿಸುವ ಸುಖ ಗೊತ್ತಿರುವವರಿಗೆ ಅದೊಂದು ನಷ್ಟವೇ. ಆದರೆ ಬೆಳಗ್ಗೆ ನಿಂತು ನಿಂತು ಸಾಗುವ ವಾಹನದಟ್ಟಣೆಯಲ್ಲಿ ನಲವತ್ತು ನಿಮಿಷ ಕಳೆಯುವ ನನಗೆ ಈ ಏರ್ಪಾಡು ಒಪ್ಪಿಗೆಯಾಗಿದೆ.

ಈಗ ಎಂಜಿನ್ನಿಗೆ ಬರುತ್ತೇನೆ, ಏಕೆಂದರೆ ಈ ಕಾರು ತನ್ನ ಕಂಪನಿಯ ಸಾಲಿನಲ್ಲಿ ಹೇಗೆ ಹೊಂದಿಕೊಂಡಿದೆ ಎಂಬುದರ ಉತ್ತರ ಬಹುಪಾಲು ಅಲ್ಲಿಯೇ ಇದೆ. ಎಲ್‌ಟಿ2 ಎಂಬ ಈ 6.2 ಲೀಟರಿನ ವಿ8, 1955ರಿಂದ ಬೆಳೆದುಬಂದ ಚಿಕ್ಕ ವಿ8 ವಂಶದ ಕುಡಿ. ಕ್ಯಾಮ್‌ಶಾಫ್ಟ್ ಸಿಲಿಂಡರುಗಳ ನಡುವಿನ ಕಣಿವೆಯಲ್ಲಿದ್ದು, ಉದ್ದನೆಯ ಸರಳುಗಳ ಮೂಲಕ ವಾಲ್ವುಗಳನ್ನು ತೆರೆಯುವ ಹಳೆಯ, ಸರಳ ವಿನ್ಯಾಸ. ಸಿಲ್ವರಾಡೊ ಪಿಕಪ್ಪಿನಲ್ಲಿ ಟ್ರೈಲರ್ ಎಳೆಯುವ 6.2 ಲೀಟರ್ ಎಂಜಿನ್ನೂ ಇದೇ ವಂಶದ್ದು. ಇತರ ಕಂಪನಿಗಳು ತಮ್ಮ ಅತ್ಯುನ್ನತ ಕಾರಿಗೆ ಬೇರೆಲ್ಲೂ ಇಲ್ಲದ ಎಂಜಿನ್ ಕಟ್ಟಿ ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಇಲ್ಲಿ ಅದು ತಲೆಕೆಳಗಾಗಿದೆ. ಕಾರಿನ ವಿನ್ಯಾಸವನ್ನು ಸಂಪೂರ್ಣ ಬದಲಿಸಿದ ಎಂಜಿನಿಯರುಗಳು, ಅದರೊಳಗಿನ ಎಂಜಿನ್ನನ್ನು ಮಾತ್ರ ಮನೆಯ ಹಳೆಯ ಗುರುತಾಗಿ ಉಳಿಸಿಕೊಂಡರು. ತಿರುವುಗಳಲ್ಲಿ ಎಣ್ಣೆ ಒಂದು ಬದಿಗೆ ಸರಿದು ಎಂಜಿನ್ ಒಣಗದಿರಲೆಂದು ಎಲ್ಲ ಸ್ಟಿಂಗ್‌ರೇಗಳಿಗೂ, ಎಣ್ಣೆಯನ್ನು ಬೇರೊಂದು ತೊಟ್ಟಿಯಲ್ಲಿಡುವ ಡ್ರೈ ಸಂಪ್ ವ್ಯವಸ್ಥೆ ಕೊಟ್ಟಿದ್ದಾರೆ. ಮಿಕ್ಕಂತೆ ಇದು ನೂರಾರು ಮೆಕ್ಯಾನಿಕರ ಕೈಗೆ ಪಳಗಿದ ಜಾತಿಯ ಎಂಜಿನ್. ಐದು ವರ್ಷಗಳಲ್ಲಿ ನಾನು ಇದಕ್ಕಾಗಿ ಮಾಡಿದ ಖರ್ಚು ಎಣ್ಣೆ, ಫಿಲ್ಟರು, ಗೇರ್‌ಬಾಕ್ಸಿನ ನಿಗದಿತ ಸರ್ವಿಸ್, ಒಂದು ಬ್ಯಾಟರಿ, ಇಷ್ಟೇ. ಬೆಲೆ ಇದರ ಎರಡು ಪಟ್ಟಿರುವ ಕಾರುಗಳ ಒಡೆಯರೊಂದಿಗೆ ಮಾತಾಡುವಾಗ ಈ ಪಟ್ಟಿಯ ಚಿಕ್ಕತನ ನನಗೆ ಪ್ರತಿ ಸಲವೂ ಹೊಸದಾಗಿ ಅರ್ಥವಾಗುತ್ತದೆ.

ಉನ್ನತ ಮಾದರಿಯಲ್ಲಿ ಹುಟ್ಟಿದ ತಂತ್ರಜ್ಞಾನ ನಿಧಾನವಾಗಿ ಕೆಳಗಿನ ಮಾದರಿಗಳಿಗೆ ಇಳಿಯುತ್ತದೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಕಾರ್ವೆಟ್ಟಿನ ಮಟ್ಟಿಗೆ ಅದು ಅರ್ಧ ಮಾತ್ರ ನಿಜ. ನನ್ನ ಕಾರಿನ ಸಸ್ಪೆನ್ಷನ್ನಿನಲ್ಲಿ ಕಾಂತೀಯ ದ್ರವ ತುಂಬಿದ ಡ್ಯಾಂಪರುಗಳಿವೆ, ಅಂದರೆ ಕುಲುಕಾಟವನ್ನು ತಡೆಯುವ ಕೊಳವೆಗಳು. ವಿದ್ಯುತ್ ಹರಿದೊಡನೆ ದ್ರವ ಗಟ್ಟಿಯಾಗಿ, ರಸ್ತೆಯ ಉಬ್ಬುತಗ್ಗಿಗೆ ತಕ್ಕಂತೆ ಕಾರಿನ ಬಿಗಿತ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಇದು ಮೊದಲು ಬಂದದ್ದು 2002ರ ಕ್ಯಾಡಿಲಾಕ್ ಸೆವಿಲ್ ಎಂಬ ಸೆಡಾನಿನಲ್ಲಿ. ಕಾರ್ವೆಟ್ಟಿಗೆ ಸಿಕ್ಕಿದ್ದು ಅದರ ನಂತರ. ಮುದುಕರ ಕಾರೆಂದು ಕರೆಸಿಕೊಂಡ ಮೆತ್ತನೆಯ ಸೆಡಾನಿನಿಂದ ಬಂದ ಈ ಕೊಡುಗೆಯೇ ಇಂದು ಈ ಕಾರನ್ನು ದಿನವೂ ಓಡಿಸಬಹುದಾದ ಕಾರಾಗಿ ಉಳಿಸಿದೆ. ದಿನಬಳಕೆಗೆ ನೆರವಾಗುವ ಇನ್ನೊಂದು, ಮೂತಿಯನ್ನು 40 ಮಿಲಿಮೀಟರ್ ಮೇಲೆತ್ತುವ ಸೌಲಭ್ಯ: ಒಂದು ಜಾಗದಲ್ಲಿ ಒಮ್ಮೆ ಎತ್ತಿದರೆ ಜಿಪಿಎಸ್ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ತಾನಾಗಿಯೇ ಎತ್ತುತ್ತದೆ, ಹೀಗೆ ಸಾವಿರ ಜಾಗಗಳವರೆಗೆ. ನನ್ನ ಮನೆಯ ಇಳಿಜಾರಿನ ದಾರಿ ಅದರ ನೆನಪಿನಲ್ಲಿ ಮೊದಲ ವಾರವೇ ಸೇರಿತು.

ಸಾಮಾನು ಇಡಲು ಎರಡು ಡಿಕ್ಕಿಗಳಿವೆ. ಮುಂದಿನದರಲ್ಲಿ ವಿಮಾನದೊಳಗೆ ಒಯ್ಯುವಂಥ ಒಂದು ಪೆಟ್ಟಿಗೆ ಮತ್ತು ಲ್ಯಾಪ್‌ಟಾಪ್ ಚೀಲ, ಹಿಂದಿನದರಲ್ಲಿ ವಾರದ ದಿನಸಿ ಅಥವಾ ಕಳಚಿಟ್ಟ ಛಾವಣಿ ಹಿಡಿಸುತ್ತದೆ. ಹಿಂದಿನ ಡಿಕ್ಕಿ ಎಂಜಿನ್ನಿಗೆ ಅಂಟಿಕೊಂಡೇ ಇರುವುದರಿಂದ ಬೆಚ್ಚಗಿರುತ್ತದೆ. ಬೇಗ ಕರಗುವ ಪದಾರ್ಥಗಳನ್ನು ಮುಂದೆ ಇಡುವುದನ್ನು ರೂಢಿ ಮಾಡಿಕೊಂಡರೆ ಸಾಕು. ಸ್ಟೆಪ್ನಿ ಇಲ್ಲ, ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ಟೈರುಗಳಿವೆ. ಝಡ್51 ಸಜ್ಜಿನೊಂದಿಗೆ ಬರುವ ಬೇಸಿಗೆ ಟೈರುಗಳು ಚಳಿಯಲ್ಲಿ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುವುದರಿಂದ, ಚಳಿಗಾಲಕ್ಕೆಂದು ಬೇರೆ ಚಕ್ರಗಳನ್ನೇ ಇಟ್ಟುಕೊಂಡಿದ್ದೇನೆ. ಹಿಂದಿನ ಟೈರುಗಳು ಮುಂದಿನವುಗಳಿಗಿಂತ ಬೇಗ ಸವೆಯುತ್ತವೆ. ಈವರೆಗೆ ಎರಡು ಜೊತೆ ಬದಲಿಸಿದ್ದೇನೆ. ಒಮ್ಮೆ ಟೈರಿನ ಅಂಗಡಿಯೊಂದರಲ್ಲಿ ಜ್ಯಾಕ್ ಕೊಡಬೇಕಾದ ಜಾಗವನ್ನು ನೋಡದೆ ಎತ್ತಲು ಹೋಗಿ ಅಡಿಯ ಪ್ಲಾಸ್ಟಿಕ್ ಹಲಗೆಯನ್ನು ಸೀಳಿಬಿಟ್ಟರು. ಅಂದಿನಿಂದ ಜ್ಯಾಕಿನ ಕೆಳಗೆ ಕೊಡುವ ನಾಲ್ಕು ರಬ್ಬರಿನ ಬಿಲ್ಲೆಗಳನ್ನು ಕಾರಿನಲ್ಲೇ ಇಟ್ಟುಕೊಂಡಿರುತ್ತೇನೆ. ಈ ಕಾರು ಕೊಳ್ಳುವವರು ಮೊದಲ ದಿನವೇ ಅವನ್ನು ಕೊಂಡಿಟ್ಟುಕೊಳ್ಳಲಿ.

ನಾನು ಕೊಂಡಾಗ ಕಾರ್ವೆಟ್ ಎಂದರೆ ಸ್ಟಿಂಗ್‌ರೇ ಒಂದೇ. 2020ರಲ್ಲಿ ಇದರ ಆರಂಭಿಕ ಬೆಲೆ 60 ಸಾವಿರ ಡಾಲರಿಗೆ ಐದೇ ಡಾಲರ್ ಕಡಿಮೆ ಇತ್ತು. 2023ರ ಮಾದರಿಯಾಗಿ ಝಡ್06 ಬಂತು: 5.5 ಲೀಟರಿನ, ಸಮತಟ್ಟಾದ ಕ್ರ್ಯಾಂಕ್‌ಶಾಫ್ಟಿನ, ಟರ್ಬೊ ಇಲ್ಲದೆಯೇ 670 ಅಶ್ವಶಕ್ತಿ ಕೊಡುವ, ನಿಮಿಷಕ್ಕೆ 8,600 ಸುತ್ತುಗಳವರೆಗೆ ಏರುವ ಎಂಜಿನ್. ಆರಂಭದ ಬೆಲೆ ಒಂದು ಲಕ್ಷ ಡಾಲರಿಗಿಂತ ಮೇಲೆ. ಮೊದಲ ಪ್ರದರ್ಶನಕ್ಕೆ ಸರಿಯಾಗಿ 70 ವರ್ಷ ತುಂಬಿದ ದಿನ, 2023ರ ಜನವರಿ 17ರಂದು, ಇ-ರೇ ಅನಾವರಣಗೊಂಡಿತು. ನನ್ನ ಕಾರಿನಲ್ಲಿರುವ ಅದೇ ವಿ8 ಹಿಂದಿನ ಚಕ್ರಗಳಿಗೆ, ವಿದ್ಯುತ್ ಮೋಟಾರೊಂದು ಮುಂದಿನ ಚಕ್ರಗಳಿಗೆ, ಒಟ್ಟು 655 ಅಶ್ವಶಕ್ತಿ. ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಮೊದಲ ಕಾರ್ವೆಟ್ ಅದು. ಅದರ ಮೇಲೆ ಎರಡು ಟರ್ಬೊಗಳ, 1,064 ಅಶ್ವಶಕ್ತಿಯ ಝಡ್‌ಆರ್1, 2025ರ ಮಾದರಿಯಾಗಿ ಬಂದಾಗ ಸುಮಾರು 1 ಲಕ್ಷ 75 ಸಾವಿರ ಡಾಲರಿಗೆ. ಅದಕ್ಕೂ ಮುಂದಿನ ಚಕ್ರಗಳ ಮೋಟಾರನ್ನು ಜೋಡಿಸಿ 1,250 ಅಶ್ವಶಕ್ತಿಗೆ ಏರಿಸಿದ ಝಡ್‌ಆರ್1ಎಕ್ಸ್ 2025ರಲ್ಲಿ ಪ್ರಕಟವಾಯಿತು.

ಇವುಗಳನ್ನು ಒಟ್ಟಿಗೆ ನೋಡಿದಾಗ, ಕಾರ್ವೆಟ್ ಈಗ ಷೆವರ್ಲೆಯ ಸಾಲಿನ ತುದಿಯಲ್ಲಿರುವ ಒಂದು ಮಾದರಿಯಲ್ಲ, ತಾನೇ ಒಂದು ಸಾಲು ಎಂಬುದು ಸ್ಪಷ್ಟವಾಗುತ್ತದೆ. ಎಂಜಿನ್ ಹಿಂದಕ್ಕೆ ಹೋಗದಿದ್ದರೆ ಇದು ಆಗುತ್ತಿರಲಿಲ್ಲ. ಮುಂದಿನ ಚಕ್ರಗಳ ನಡುವೆ ಖಾಲಿಯಾದ ಜಾಗದಲ್ಲಿಯೇ ಇ-ರೇಯ ಮೋಟಾರು ಕುಳಿತಿದೆ. ಸ್ಟಿಂಗ್‌ರೇಯ ಅಲ್ಯುಮಿನಿಯಂ ಚೌಕಟ್ಟೇ ಅದರ ಎರಡು ಪಟ್ಟಿಗಿಂತ ಹೆಚ್ಚಿನ ಶಕ್ತಿಯನ್ನೂ ಹೊರುತ್ತಿದೆ. ಇದನ್ನು ಯೋಚಿಸಿದಾಗ ಕೆಳಗಿನ ಮಾದರಿಯನ್ನು ಕೊಂಡೆನೆಂಬ ಕೊರಗು ನನಗೆ ಹುಟ್ಟುವುದಿಲ್ಲ. 1,250 ಅಶ್ವಶಕ್ತಿಗೆ ಒಗ್ಗುವಂತೆ ಯೋಚಿಸಿ ಕಟ್ಟಿದ ಅಸ್ತಿವಾರದ ಮೇಲೆ ನಾನು 495ರಲ್ಲಿ ಓಡಾಡುತ್ತಿದ್ದೇನೆ, ಅದೂ ಪಿಕಪ್ಪಿನ ಬಂಧುವಾದ ಎಂಜಿನ್ನಿನ ಖರ್ಚಿನಲ್ಲಿ.

ಆದರೆ ಕಾರ್ವೆಟ್ಟಿನ ಕೆಳಗಿನ ಮೆಟ್ಟಿಲುಗಳತ್ತ ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಷೆವರ್ಲೆಯದೇ ನಾಲ್ಕು ಸೀಟಿನ, ಅಗ್ಗದ ಸ್ಪೋರ್ಟ್ಸ್ ಕಾರಾದ 2016ರ ಕ್ಯಾಮರೊ ಎಸ್‌ಎಸ್ ಏಳನೆಯ ತಲೆಮಾರಿನ ಕಾರ್ವೆಟ್ಟಿನ 6.2 ಲೀಟರ್ ಎಂಜಿನ್ನನ್ನೇ ಪಡೆದಿತ್ತು. ಕಾರ್ವೆಟ್ಟಿನಷ್ಟು ಹಣವಿಲ್ಲದ, ಹಿಂದೆ ಮಕ್ಕಳನ್ನು ಕೂರಿಸಬೇಕಾದ ಯುವಕ ಯುವತಿಯರಿಗೆ ಅದು ಬಾಗಿಲಾಗಿತ್ತು. ಎಂಟನೆಯ ತಲೆಮಾರಿನ ಎಂಜಿನ್ ಕ್ಯಾಮರೊಗೆ ಇಳಿಯಲೇ ಇಲ್ಲ. 2024ರ ಮಾದರಿಯೊಂದಿಗೆ ಕ್ಯಾಮರೊ ಮುಗಿಯಿತು. ಅದೇ ವರ್ಷದ ಕೊನೆಗೆ ಮಾಲಿಬು ಸೆಡಾನಿನ ತಯಾರಿಕೆಯೂ ನಿಂತಿತು. ಇಂಪಾಲಾ, ಕ್ರೂಝ್ ಎಂಬ ಕಾರುಗಳು ಮೊದಲೇ ಹೋಗಿದ್ದವು. ಹೀಗಾಗಿ ಇಂದು ಅಮೆರಿಕದ ಷೆವರ್ಲೆ ಷೋರೂಮಿನಲ್ಲಿ ಟ್ರಕ್ಕುಗಳ, ಎಸ್‌ಯುವಿಗಳ ನಡುವೆ ನೆಲಕ್ಕೆ ಹತ್ತಿರ ಕುಳಿತು ಓಡಿಸುವ ಕಾರು ಇದೊಂದೇ. ಹೊಸ ಚಾಲಕನೊಬ್ಬ ಈ ಕಂಪನಿಯ ಸಣ್ಣ ಕಾರಿನಿಂದ ಶುರುಮಾಡಿ, ಕ್ಯಾಮರೊದ ಮೂಲಕ ಹಾದು, ನಲವತ್ತರ ಆಸುಪಾಸಿನಲ್ಲಿ ಕಾರ್ವೆಟ್ಟಿಗೆ ಬರುತ್ತಿದ್ದ ದಾರಿ ನಡುವೆಯೇ ಕಡಿದುಹೋಗಿದೆ. ಮೇಲೆ ಐದು ಬಗೆಯ ಕಾರ್ವೆಟ್, ಕೆಳಗೆ ಒಂದೂ ಸ್ಪೋರ್ಟ್ಸ್ ಕಾರಿಲ್ಲದ ಈ ಜೋಡಣೆ ಲೆಕ್ಕಪತ್ರದಲ್ಲಿ ಸರಿಯಿರಬಹುದು. ಇಪ್ಪತ್ತು ವರ್ಷಗಳ ನಂತರ ಈ ಕಾರನ್ನು ಬಯಸುವವರು ಎಲ್ಲಿಂದ ಬರುತ್ತಾರೆ ಎಂಬುದಕ್ಕೆ ಅದರಲ್ಲಿ ಉತ್ತರ ಕಾಣುವುದಿಲ್ಲ.

2026ರ ಮಾದರಿಯ ಒಳಾಂಗಣದಲ್ಲಿ ಸೀಟುಗಳ ನಡುವೆ ಗೋಡೆಯಂತಿದ್ದ ಗುಂಡಿಗಳ ಸಾಲನ್ನು ತೆಗೆದು ಮೂರು ಪರದೆಗಳನ್ನು ಇಟ್ಟಿದ್ದಾರೆ. ನನಗೆ ಹಳೆಯ ಸಾಲೇ ಇಷ್ಟ. ಎಸಿಯ ಗುಂಡಿ ಎಲ್ಲಿದೆ ಎಂದು ಬೆರಳಿಗೆ ಗೊತ್ತಾಗಿಹೋಗಿದೆ. ಪಕ್ಕದಲ್ಲಿ ಕೂರುವ ನನ್ನ ಹೆಂಡತಿಗೆ ಮಾತ್ರ ಆ ಗೋಡೆ ಹೋದದ್ದು ಒಳ್ಳೆಯದೆನಿಸಿದೆ.

ಹೋದ ತಿಂಗಳು ಇ-ರೇಯನ್ನು ಒಂದು ಗಂಟೆ ಓಡಿಸಿ ನೋಡಿದೆ. ಬೆಳಗಿನ ಹೊತ್ತು ನೆರೆಹೊರೆಯವರ ನಿದ್ದೆ ಕೆಡಿಸದೆ, ವಿದ್ಯುತ್ತಿನಲ್ಲೇ ಬೀದಿ ದಾಟಿ ಹೋಗುವ ಅದರ ಗುಣ ಮನಸ್ಸಿಗೆ ಹಿಡಿಸಿತು. ಹಿಮದ ಊರಿನಲ್ಲಿರುವವರು ಕೇಳಿದರೆ ಹಿಂಜರಿಯದೆ ಅದನ್ನೇ ಕೊಳ್ಳಿ ಎನ್ನುತ್ತೇನೆ. ನಾನು ಬದಲಿಸುತ್ತಿಲ್ಲ. ಸ್ಟಿಂಗ್‌ರೇಗೆ ಹಿಂದಿನ ಟೈರುಗಳ ಮೂರನೆಯ ಜೊತೆಯನ್ನು ತರಿಸಿದ್ದೇನೆ. ಮುಂದಿನ ವಾರ ರಬ್ಬರಿನ ಬಿಲ್ಲೆಗಳೊಂದಿಗೆ ಹೋಗಿ ಹಾಕಿಸಿಕೊಂಡು ಬರಬೇಕು.