ಬಡ ತಾಯಂದಿರ ಎದೆಹಾಲಿಗೆ ತಾಯಂದಿರದೇ ನೆರವು: ಸೇವೆ ಹೇಗಿದೆ?

ಮಗುವಿಗೆ ಎದೆಹಾಲು ಕುಡಿಸಿ ಗೊತ್ತಿರುವ ತಾಯಿಯೊಬ್ಬಳು ಒಂದಿಷ್ಟು ತರಬೇತಿ ಪಡೆದು, ತನ್ನಂತೆಯೇ ಕೈ ಬಿಗಿಯಿರುವ ಮನೆಯ ಬಾಣಂತಿಯ ಜೊತೆ ನಿಲ್ಲುತ್ತಾಳೆ. ಈ ಸೇವೆಯ ತಿರುಳು ಇಷ್ಟೇ. ಅದನ್ನು ಅಳೆಯಲು ಮೊದಲು ಕೇಳಬೇಕಾದ ಪ್ರಶ್ನೆ: ಹೆರಿಗೆಯಾದ ಮೇಲೆ ಮೊದಲ ಭೇಟಿ ಯಾವ ದಿನ?

ಮೂರನೇ ದಿನದೊಳಗೆ ಬಂದರೆ ಪೂರ್ಣ ಅಂಕ. ಎರಡರಿಂದ ನಾಲ್ಕನೇ ದಿನದ ನಡುವೆ ಹಾಲು ತುಂಬಿಕೊಂಡು ಎದೆ ಕಲ್ಲಿನಂತಾಗುತ್ತದೆ, ಮಗುವಿಗೆ ಬಾಯಿ ಹಾಕಲು ಆಗುವುದಿಲ್ಲ, ತೊಟ್ಟು ಒಡೆಯುತ್ತದೆ, ಮನೆಯವರು ಡಬ್ಬಿ ಹಾಲಿನ ಪುಡಿ ತರುತ್ತಾರೆ. ನೆರವಿನ ತಾಯಿ ಹತ್ತನೇ ದಿನ ಬಂದರೆ ಅವಳಿಗೆ ಸಿಗುವುದು ಬೇರೆಯೇ ಸಮಸ್ಯೆ: ಬಾಟಲಿಯಿಂದ ಹೊಟ್ಟೆ ತುಂಬಿದ ಮಗು ಎದೆ ಚೀಪುವುದು ಕಡಿಮೆ, ಚೀಪುವುದು ಕಡಿಮೆಯಾದಷ್ಟೂ ಹಾಲೂ ಕಡಿಮೆ.

ಎರಡನೆಯದು ಭೇಟಿಗಳ ಸಂಖ್ಯೆ. ಢಾಕಾದಲ್ಲಿ 15 ಮನೆಭೇಟಿ ಕೊಟ್ಟ ಪ್ರಯೋಗದಲ್ಲಿ (2000ರಲ್ಲಿ ಪ್ರಕಟ) ಐದನೇ ತಿಂಗಳಲ್ಲಿ ಎದೆಹಾಲನ್ನಷ್ಟೇ ಕೊಡುತ್ತಿದ್ದ ತಾಯಂದಿರು ಶೇ. 70, ಭೇಟಿಯಿಲ್ಲದ ಗುಂಪಿನಲ್ಲಿ ಶೇ. 6. ಮೆಕ್ಸಿಕೊ ಸಿಟಿಯ 1999ರ ಅಧ್ಯಯನದಲ್ಲಿ ಮೂರನೇ ತಿಂಗಳಿಗೆ ಆರು ಭೇಟಿಯವರು ಶೇ. 67, ಮೂರು ಭೇಟಿಯವರು ಶೇ. 50, ಭೇಟಿಯೇ ಇಲ್ಲದವರು ಶೇ. 12. ಬ್ರಿಟನ್ನಿನ ಪ್ರಯೋಗಗಳಲ್ಲಿ ಇಂಥ ಲಾಭ ಕಾಣಲಿಲ್ಲ. ಭೇಟಿಗಳು ವಿರಳವಾಗಿದ್ದದ್ದು ಒಂದು ಕಾರಣವಿರಬಹುದು. ಕರಪತ್ರ ಕೊಟ್ಟು ಒಮ್ಮೆ ಫೋನ್ ಮಾಡುವುದನ್ನು ಸೇವೆ ಎನ್ನಲಾಗದು.

ಭೇಟಿಯ ಗುಣ ಗೊತ್ತಾಗುವುದು ಬಂದವಳು ಎಷ್ಟು ಹೊತ್ತು ಸುಮ್ಮನೆ ಕೂರುತ್ತಾಳೆ ಎಂಬುದರಿಂದ. ಒಳ್ಳೆಯವಳು ಮಗು ಕುಡಿಯುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತಾಳೆ, ತಾಯಿಯ ಎದೆ ಹಿಡಿದು ಮಗುವಿನ ಬಾಯಿಗೆ ತುರುಕುವುದಿಲ್ಲ. ಬಾಯಿ ಅಗಲವಾಗಿ ತೆರೆದಿದೆಯೇ, ಕೆಳತುಟಿ ಹೊರಮಡಚಿದೆಯೇ, ಗದ್ದ ಎದೆಗೆ ತಾಗಿದೆಯೇ, ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳಗಿಗಿಂತ ಮೇಲ್ಗಡೆ ಹೆಚ್ಚು ಕಾಣುತ್ತಿದೆಯೇ ಎಂದು ಗಮನಿಸುತ್ತಾಳೆ. ಎದೆ ಬಿಗಿದಿದ್ದರೆ ಮೊದಲು ಸ್ವಲ್ಪ ಹಾಲು ಕೈಯಿಂದ ಹಿಂಡಿಸಿ, ಆ ಭಾಗ ಮೆತ್ತಗಾದ ಮೇಲೆ ಮಗುವನ್ನು ಹಚ್ಚಿಸುತ್ತಾಳೆ. ‘ಹಾಲು ಸಾಲುತ್ತಿಲ್ಲ’ ಎಂಬ ಮಾತಿಗೆ ಸಮಾಧಾನ ಹೇಳುವ ಬದಲು ಲೆಕ್ಕ ಕೇಳುತ್ತಾಳೆ: ದಿನಕ್ಕೆ 8ರಿಂದ 12 ಸಲ ಕುಡಿಯುತ್ತಿದೆಯೇ, ಐದನೇ ದಿನದಿಂದ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದೆಯೇ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿದೆಯೇ. ಲೆಕ್ಕ ತಪ್ಪಿದ್ದರೆ ವೈದ್ಯರ ಬಳಿ ಕಳಿಸುತ್ತಾಳೆ.

ಬಡತನಕ್ಕೆ ಹೊಂದುವ ಸಲಹೆ ಇದೆಯೇ ಎಂಬಲ್ಲಿ ಹಲವು ಸೇವೆಗಳು ಎಡವುತ್ತವೆ. ಪಂಪು, ಫ್ರಿಜ್ಜು ಇರುವ ಮನೆಗಾಗಿ ಬರೆದ ಪಾಠವನ್ನೇ ಒಪ್ಪಿಸುತ್ತವೆ. ಬೇಗ ಕೆಲಸಕ್ಕೆ ಮರಳುವ ತಾಯಿಗೆ ಬೇಕಾದದ್ದು ಕೈಯಿಂದ ಹಾಲು ಹಿಂಡುವ ವಿದ್ಯೆ. ಕೈ ತೊಳೆದು, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳ ನಡುವೆ ಅದುಮಿ ಬಿಡಬೇಕು. ಬೆರಳು ಚರ್ಮದ ಮೇಲೆ ಜಾರಿದರೆ ಚರ್ಮ ಉರಿಯುತ್ತದೆ, ಹಾಲು ಬರುವುದಿಲ್ಲ. ಒಂದೊಂದು ಕಡೆ ಮೂರರಿಂದ ಐದು ನಿಮಿಷ, ಬದಲಿಸುತ್ತಾ ಒಟ್ಟು 20–30 ನಿಮಿಷ. ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ ಇರುತ್ತದೆ, ಸೆಕೆ ಹೆಚ್ಚಿದ್ದರೆ ಅಷ್ಟೂ ಇಲ್ಲ. ಕುಡಿಸಲು ಚಿಕ್ಕ ಲೋಟ ಸಾಕು. ಬಾಟಲಿಗಿಂತ ತೊಳೆಯುವುದು ಸುಲಭ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಲೋಟದ ಅಂಚನ್ನು ಕೆಳತುಟಿಗೆ ತಾಗಿಸಿದರೆ ಅದೇ ಹೀರಿಕೊಳ್ಳುತ್ತದೆ. ಬಾಯಿಗೆ ಸುರಿದರೆ ನೆತ್ತಿಗೇರುತ್ತದೆ.

ತಾಯಿಗೇ ಊಟ ಸಾಲದಿದ್ದಾಗ ಹಾಲೆಲ್ಲಿಂದ ಬರಬೇಕು ಎಂಬ ಪ್ರಶ್ನೆ ಎದುರಾಗುತ್ತದೆ. ಸಾಧಾರಣ ಅಪೌಷ್ಟಿಕತೆಯಿಂದ ಹಾಲು ಅಷ್ಟಾಗಿ ತಗ್ಗುವುದಿಲ್ಲ, ಸವೆಯುವುದು ತಾಯಿಯ ಮೈ. ಹಾಗಾಗಿ ‘ಕುಡಿಸುತ್ತಾ ಇರು’ ಎಂದಷ್ಟೇ ಹೇಳಿ, ಅವಳ ತಟ್ಟೆಗೆ ಏನಾದರೂ ಬೀಳುವಂತೆ ದಾರಿ ತೋರಿಸದ ಸೇವೆಗೆ ನಾವು ಅರ್ಧ ಅಂಕ ಕಳೆಯುತ್ತೇವೆ. ಪುಡಿ ಕೊಡುತ್ತಿರುವವಳನ್ನು ಬೈಯುವ ಸೇವೆಗೆ ಇನ್ನೂ ಕಡಿಮೆ ಅಂಕ. ಡಬ್ಬಿ ಇನ್ನೊಂದು ವಾರ ಬರಲೆಂದು ನೀರು ಹೆಚ್ಚು ಬೆರೆಸುವುದೇ ದೊಡ್ಡ ಅಪಾಯ. ಬೈಗುಳಕ್ಕೆ ಹೆದರಿದವಳು ಅದನ್ನು ಹೇಳುವುದೇ ಇಲ್ಲ.

ಗುಂಪು ಸಭೆಗಳದ್ದು ಮಿಶ್ರ ಫಲ. ಮಾತು, ಧೈರ್ಯ ಸಿಗುತ್ತದೆ ನಿಜ, ಆದರೆ ಬಸ್ ಖರ್ಚು ಮತ್ತು ಅರ್ಧ ದಿನದ ಕೂಲಿ ಹೋಗುತ್ತದೆ. ಫೋನ್ ಸಹಾಯ ಅಗ್ಗ, ಆದರೆ ಮನೆಗೆಲ್ಲ ಒಂದೇ ಫೋನಿದ್ದರೆ ತೊಟ್ಟಿನ ಗಾಯದ ಮಾತು ಆಡುವುದು ಹೇಗೆ? ಮನೆಭೇಟಿಯ ಜೊತೆಗೆ ಇವೆರಡೂ ಇರಲಿ, ಅದರ ಬದಲಿಗೆ ಬೇಡ.

ನೆರವಿಗೆ ಬರುವವಳಿಗೂ ಮಿತಿ ಗೊತ್ತಿರಬೇಕು. ಎದೆ ಕೆಂಪಾಗಿ ನೋವಿದ್ದು ಜ್ವರ ಬಂದರೆ, ಮಗು ಎಬ್ಬಿಸಿದರೂ ಏಳದಿದ್ದರೆ, ತಾಯಿ ಎಚ್‌ಐವಿ ಅಥವಾ ಬೇರೆ ಕಾಯಿಲೆಗೆ ಔಷಧಿಯಲ್ಲಿದ್ದರೆ ಅದು ಆಸ್ಪತ್ರೆಯ ಕೆಲಸ. ಎದೆಗೆ ಬಾವು ಬಂದ ಮಾತ್ರಕ್ಕೆ ಹಾಲು ನಿಲ್ಲಿಸಬೇಕಿಲ್ಲ ಎಂಬುದನ್ನಂತೂ ಅವಳು ತಿಳಿದಿರಬೇಕು. ‘ನನಗೆ ಹೀಗೇ ಆಯಿತು, ನೀನೂ ಹಾಗೇ ಮಾಡು’ ಎನ್ನುವವಳಿಗೆ ಮತ್ತೊಮ್ಮೆ ತರಬೇತಿ ಬೇಕು. ಪುಡಿ ಕಂಪನಿಯ ಉಚಿತ ಸ್ಯಾಂಪಲ್ ಹಂಚುವ ಸೇವೆಯಾದರೆ ಹತ್ತಿರವೂ ಸುಳಿಯಬೇಡಿ. ಎದೆಹಾಲಿನ ಬದಲಿ ಆಹಾರಗಳ ಮಾರಾಟ ಕುರಿತ 1981ರ ಅಂತರರಾಷ್ಟ್ರೀಯ ಸಂಹಿತೆ ಅದನ್ನು ಒಪ್ಪುವುದಿಲ್ಲ.

ಕೊನೆಗೆ ಸಂಬಳದ ಮಾತು. ನೆರವಿಗೆ ಬರುವ ಈ ತಾಯಂದಿರೂ ಬಡವರೇ. ಪುಕ್ಕಟೆ ದುಡಿಸಿದರೆ ಕೂಲಿ ಸಿಕ್ಕ ದಿನ ಭೇಟಿ ತಪ್ಪುತ್ತದೆ, ತಪ್ಪುವುದು ಹೆಚ್ಚಾಗಿ ಆ ಮೂರನೇ ದಿನದ ಭೇಟಿಯೇ.