ರೊಟ್ಟಿ ಪರಾತದಲ್ಲಿ ನೌಕಾಯುದ್ಧ: ಎರಡು ವರ್ಷ ಆಡಿದ ಮೇಲೆ

ಕಲಬುರಗಿಯಿಂದ ಯಾವ ದಿಕ್ಕಿಗೆ ಹೊರಟರೂ ಮುನ್ನೂರು ಕಿಲೋಮೀಟರ್ ಒಳಗೆ ಸಮುದ್ರ ಸಿಗುವುದಿಲ್ಲ. ನಾನು ಸಮುದ್ರ ನೋಡಿದ್ದೇ ಎರಡು ಸಲ. ಅಂಥವನು ಹೆಚ್ಚುಕಡಿಮೆ ನಾಲ್ಕು ಸಾವಿರ ಕೊಟ್ಟು ಹಡಗಿನ ಯುದ್ಧದ ದಾಳದಾಟ ತರಿಸಿದ್ದೇನೆ ಅಂದರೆ ಮನೆಯಲ್ಲಿ ಏನೇನು ಕೇಳಿಸಿಕೊಂಡಿರಬೇಕು, ಊಹಿಸಿಕೊಳ್ಳಿ. ಡಬ್ಬಿಯಲ್ಲಿ ಎಷ್ಟು ಹಡಗು, ಎಷ್ಟು ದಾಳ ಅನ್ನೋದೆಲ್ಲ ನೀವು ನೋಡಿಯೇ ಇರುತ್ತೀರಿ. ಅದನ್ನು ಬಿಟ್ಟು, ಎರಡು ವರ್ಷದಲ್ಲಿ ನನ್ನನ್ನು ಕಾಡಿದ ಒಂದು ನಿಯಮದ ಬಗ್ಗೆ ಬರೆಯುತ್ತೇನೆ.

ಮೊದಲು ನಾವು ಆಡುವ ರೀತಿ ಹೇಳಿಬಿಡುತ್ತೇನೆ. ನಾನು ಮತ್ತು ಅಕ್ಕನ ಮಗ, ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ. ನಮ್ಮದು ಶಹಾಬಾದಿ ಕಲ್ಲಿನ ನೆಲ. ಅದರ ಮೇಲೆ ನೀಲಿ ಬೆಡ್‌ಶೀಟ್ ಹಾಸಿದರೆ ಸಮುದ್ರ ತಯಾರು. ಆದರೆ ದಾಳ ಕಲ್ಲಿನ ಮೇಲೆ ಉರುಳಿದರೆ ಸೋಫಾದ ಅಡಿಗೇ ಹೋಗಿ ನಿಲ್ಲುತ್ತದೆ. ಮೊದಲ ತಿಂಗಳಲ್ಲೇ ಒಂದು ದಾಳದ ಮೂಲೆ ಒಡೆಯಿತು. ಆಮೇಲೆ ಅವ್ವ ರೊಟ್ಟಿ ಹಿಟ್ಟು ನಾದುವ ಪರಾತ ತಂದುಕೊಂಡೆವು. ತಳಕ್ಕೆ ಹಳೆಯ ಟವೆಲ್. ಎಂಟು ದಾಳ ಒಟ್ಟಿಗೆ ಬಿದ್ದಾಗ ಅಂಚಿಗೆ ಬಡಿದು ಬರುವ ಸದ್ದು ಇದೆಯಲ್ಲ, ಅದಕ್ಕೇ ಅರ್ಧ ದುಡ್ಡು ವಸೂಲಾಯಿತು ಅಂದುಕೊಳ್ಳುತ್ತೇನೆ. ಷರತ್ತು ಒಂದೇ: ಸಂಜೆ ಆರೂವರೆಗೆ ಪರಾತ ವಾಪಸ್ ಅಡುಗೆಮನೆಗೆ ಹೋಗಬೇಕು.

ಇನ್ನೊಂದು ತೊಂದರೆ ಫ್ಯಾನ್. ಹಡಗುಗಳು ರಟ್ಟಿನವು, ನಿಲ್ಲಿಸಿ ಇಡಬೇಕು. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು ಗೊತ್ತಲ್ಲ, ಫ್ಯಾನ್ ಇಲ್ಲದೆ ಕೂರಲು ಆಗುವುದಿಲ್ಲ. ಫ್ಯಾನ್ ಹಾಕಿದರೆ ಸಣ್ಣ ಹಡಗುಗಳು ಗುಂಡು ಬೀಳುವ ಮೊದಲೇ ಅಡ್ಡ ಬೀಳುತ್ತವೆ. ಕೊನೆಗೆ ಒಂದೊಂದರ ತಳಕ್ಕೂ ಒಂದು ರೂಪಾಯಿ ನಾಣ್ಯ ಅಂಟಿಸಿದೆವು. ಹದಿನಾರು ರೂಪಾಯಿ ಜಾಸ್ತಿ ಖರ್ಚು. ಕಂಪನಿಯವರೇ ತಳ ಭಾರ ಮಾಡಿ ಕೊಡಬಹುದಿತ್ತು, ಅಲ್ವಾ?

ನಿಯಮ ಸುಲಭ. ಎಷ್ಟು ಫಿರಂಗಿಯೋ ಅಷ್ಟು ದಾಳ. ಹತ್ತಿರ ಇದ್ದರೆ 5, 6 ಬಿದ್ದರೆ ಏಟು. ದೂರ ಇದ್ದರೆ 6 ಮಾತ್ರ. 6 ಬಿದ್ದ ದಾಳವನ್ನು ಇನ್ನೊಮ್ಮೆ ಹಾಕಬಹುದು. ಇಷ್ಟನ್ನು ನನಗೆ ಇಂಗ್ಲಿಷ್ ಪುಸ್ತಕ ಓದಿ ತಿಳಿಯಲು ಒಂದು ಸಂಜೆ ಹಿಡಿಯಿತು. ಅವ್ವ ಬಾಗಿಲಲ್ಲಿ ನಿಂತು ಎರಡು ಸುತ್ತು ನೋಡಿ, "ಚೌಕಾಬಾರಾದಾಗ ನಾಕ ಬಿದ್ರ ಮತ್ತ ಹಾಕ್ತಿದ್ದೆವಲ್ಲ, ಅದೇ ಅದ ಇದು" ಅಂದು ಒಳಗೆ ಹೋದಳು.

ನಮ್ಮೂರ ಕೋಟೆಯ ಮೇಲಿರುವ ಬಾರಾ ಗಜ್ ತೋಪನ್ನು ಹಡಗಿಗೆ ಏರಿಸಿದರೆ ಎಷ್ಟು ದಾಳ ಕೊಡಬೇಕು ಅಂತ ಅಳಿಯ ಒಮ್ಮೆ ಕೇಳಿದ. ಇಪ್ಪತ್ತೊಂಬತ್ತು ಅಡಿ ಉದ್ದ ಇದೆ, ಇಟ್ಟ ಜಾಗದಿಂದ ಅಲ್ಲಾಡುವುದಿಲ್ಲ. ಸೊನ್ನೆ ದಾಳ ಅಂದೆ.

ಈಗ ನನ್ನ ತಕರಾರು. ಏಟು ಬಿದ್ದ ಪ್ರತಿ ಸಲ ಹೊಡೆದವನು ಎರಡು ದಾಳ ಹಾಕಿ ಎಷ್ಟು ಹಾನಿ ಅಂತ ನೋಡಬೇಕು. ಎರಡೂ 6 ಬಿದ್ದು 12 ಆದರೆ ಮದ್ದುಗುಂಡಿನ ಕೋಣೆ ಸಿಡಿಯಿತು ಅಂತ ಲೆಕ್ಕ. ಹಡಗು ಎಷ್ಟು ದೊಡ್ಡದಿದ್ದರೂ ಅಲ್ಲಿಗೇ ಮುಗಿಯಿತು.

ಡಬ್ಬಿಯ ಮೊದಲ ಯುದ್ಧ 1939ರ ಡಿಸೆಂಬರ್ 13ರದ್ದು, ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಕಡಲಿನದು. ಜರ್ಮನಿಯ ಗ್ರಾಫ್ ಸ್ಪೀ ಒಂದು ಕಡೆ, ಅದರಲ್ಲಿ 28 ಸೆಂ.ಮೀ.ನ ಆರು ಫಿರಂಗಿ. ಇನ್ನೊಂದು ಕಡೆ ಬ್ರಿಟನ್ನಿನ ಪಕ್ಷದ ಮೂರು ಹಡಗು: ಎಕ್ಸೆಟರ್, ಅಜಾಕ್ಸ್, ಅಕಿಲೀಸ್. ನಾನು ಗ್ರಾಫ್ ಸ್ಪೀ. ಎರಡು ತಾಸು ಲೆಕ್ಕ ಹಾಕಿ, ದೂರ ಕಾಯ್ದುಕೊಂಡು, ಎಕ್ಸೆಟರ್ ಹಡಗನ್ನು ಹಣ್ಣು ಮಾಡಿದ್ದೆ. ಅಳಿಯ ಆರು ಇಂಚಿನ ಸಣ್ಣ ಫಿರಂಗಿಯಿಂದ ಒಂದೇ ಒಂದು ಏಟು ಕೊಟ್ಟ. ಎರಡು ದಾಳ ಹಾಕಿದ. 12. ನನ್ನ ಕಡೆ ಇದ್ದದ್ದೇ ಒಂದು ಹಡಗು. ಮುಂದಿನ ವಾರ ಪಕ್ಷ ಬದಲಾಯಿಸಿದೆವು. ಎರಡನೇ ಸುತ್ತಿನಲ್ಲೇ ಅವನ ಗ್ರಾಫ್ ಸ್ಪೀ ಢಮಾರ್. "ಮಾಮಾ, ಇದ್ಯಾನ್ ಆಟ ಅದ್ರಿ? ಹಡಗ ಜೋಡ್ಸಲಾಕ ಅರ್ಧ ತಾಸು, ಮುಳಗಲಾಕ ಒಂದ ಏಟು?"

ಇದು ನಿಜದಲ್ಲಿ ನಡೆದದ್ದೇ, ಒಪ್ಪುತ್ತೇನೆ. 1916ರಲ್ಲಿ ಜಟ್ಲಂಡ್ ಕದನದಲ್ಲಿ ಬ್ರಿಟನ್ನಿನ ಮೂರು ದೊಡ್ಡ ಹಡಗುಗಳು ಹೀಗೇ ಸಿಡಿದವು. 1941ರ ಮೇ 24ರಂದು ಬ್ರಿಟನ್ನಿನದೇ ಹುಡ್ ಎಂಬ ಹಡಗು ಸಿಡಿದಾಗ ಹೋರಾಟ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ಅದರಲ್ಲಿದ್ದ 1,418 ಜನರಲ್ಲಿ ಉಳಿದವರು ಮೂವರು. ಆದರೆ ನಾನು ಕೇಳುತ್ತಿರುವುದು ಎಷ್ಟು ಸಲ ಅಂತ. 12 ಬೀಳುವುದು 36ಕ್ಕೆ ಒಂದು ಸಲ, ಅಪರೂಪ ಅನಿಸುತ್ತದೆ. ನಮ್ಮ ಒಂದು ಆಟದಲ್ಲಿ ಎರಡೂ ಕಡೆ ಸೇರಿ ಸುಮಾರು 25 ಏಟು ಬೀಳುತ್ತವೆ. ಅಳಿಯ ಇಂಜಿನಿಯರಿಂಗ್ ಹುಡುಗ, ಕರೆಂಟ್ ಬಿಲ್ಲಿನ ಹಿಂದೆ ಲೆಕ್ಕ ಮಾಡಿ ತೋರಿಸಿದ. 25 ಏಟಿನಲ್ಲಿ ಒಮ್ಮೆಯಾದರೂ 12 ಬೀಳುವ ಸಾಧ್ಯತೆ ಅರ್ಧಕ್ಕರ್ಧ. ಅಂದರೆ ಎರಡು ಆಟಕ್ಕೆ ಒಂದರಲ್ಲಿ ಯಾವುದೋ ಹಡಗು ಸಿಡಿಯುತ್ತದೆ! ಆಟ ಮಾಡಿದವರು ಒಂದು ದಾಳದ ಲೆಕ್ಕ ನೋಡಿದ್ದಾರೆ, ಇಡೀ ಮಧ್ಯಾಹ್ನದ ಲೆಕ್ಕ ನೋಡಿಲ್ಲ. ಆಗ ಬರೆದಿದ್ದರೆ ಎರಡು ಸ್ಟಾರ್ ಕೊಡುತ್ತಿದ್ದೆ.

ನಾವೇ ತಿದ್ದಿದೆವು. 12 ಬಿದ್ದರೆ ಇನ್ನೊಂದು ದಾಳ. ಅದರಲ್ಲಿ 5 ಅಥವಾ 6 ಬಂದರೆ ಮಾತ್ರ ಸಿಡಿಯುತ್ತದೆ, ಇಲ್ಲದಿದ್ದರೆ ಬರೀ ಬೆಂಕಿ. ಲೆಕ್ಕದ ಪ್ರಕಾರ ಐದು ಆಟಕ್ಕೆ ಒಂದು ಸಲ. ನ್ಯಾಯವಾಗಿದೆ ಅನಿಸಿತು. ಆರು ತಿಂಗಳು ಹಾಗೇ ಆಡಿದೆವು.

ಆಟ ಸಪ್ಪೆಯಾಯಿತು, ನಿಜ ಹೇಳಬೇಕೆಂದರೆ. ಭಯ ಹೋದ ಮೇಲೆ ನಾನು ಗ್ರಾಫ್ ಸ್ಪೀಯನ್ನು ಸೀದಾ ಮೂರು ಹಡಗುಗಳ ನಡುವೆ ನುಗ್ಗಿಸುತ್ತಿದ್ದೆ. ಹೊಗೆ ಬಿಟ್ಟು ಮರೆಯಾಗುವುದು, ಪಕ್ಕಕ್ಕೆ ತಿರುಗುವುದು, ಇದ್ಯಾವುದೂ ಬೇಕಾಗಲಿಲ್ಲ. ಇಬ್ಬರೂ ಸುಮ್ನೆ ದಾಳ ಹಾಕುತ್ತಾ ಪೆನ್ಸಿಲಿನಿಂದ ಗೀಟು ಹಾಕುತ್ತಾ ಕೂತಿದ್ದೆವು. ಒಂದು ದಿನ ಏನೂ ಚರ್ಚೆ ಮಾಡದೆ ಹಳೆಯ ನಿಯಮಕ್ಕೇ ವಾಪಸ್ ಬಂದೆವು. ಬದಲಾಯಿಸಿದ್ದು ಆಟದ ಉದ್ದವನ್ನು. ಪ್ರತಿ ಹಡಗಿನ ಹಾಳೆಯಲ್ಲಿ ಹಾನಿಯಾದಂತೆ ಗೀಟು ಹಾಕುವ ಚೌಕಗಳಿವೆ, ಅವನ್ನು ಅರ್ಧ ಮಾಡಿದೆವು. ಈಗ ಒಂದು ಆಟ ಮುಕ್ಕಾಲು ತಾಸು. ಸಿಡಿದರೆ ಸಿಡಿಯಲಿ, ಆರೂವರೆಯೊಳಗೆ ಇನ್ನೆರಡು ಆಟ ಆಗುತ್ತದೆ.

ಆಗಲೇ ನನಗೆ ಇನ್ನೊಂದು ನಿಯಮದ ರುಚಿ ಹತ್ತಿದ್ದು. ಇಲ್ಲಿ ಇಬ್ಬರ ಗುಂಡೂ ಒಂದೇ ಹೊತ್ತಿಗೆ ಹಾರಿದಂತೆ ಲೆಕ್ಕ. ಈ ಸುತ್ತಿನಲ್ಲಿ ಮುಳುಗಿದ ಹಡಗೂ ತನ್ನ ಪಾಲಿನ ದಾಳ ಹಾಕಿಯೇ ಹೋಗುತ್ತದೆ. ಮೊದಲು ಇದು ನಗು ತರಿಸಿತ್ತು, ಸತ್ತವನು ಹೊಡೆಯುತ್ತಾನಾ ಅಂತ. ಆದರೆ ಯೋಚಿಸಿ, 20 ಕಿ.ಮೀ. ದೂರಕ್ಕೆ ಗುಂಡು ಹಾರಲು ಅರ್ಧ ನಿಮಿಷವಾದರೂ ಬೇಕು. ಹೊಡೆದವನು ಮುಳುಗಿದರೂ ಅವನ ಗುಂಡು ಗಾಳಿಯಲ್ಲೇ ಇರುತ್ತದೆ.

ಕಳೆದ ಶ್ರಾವಣದ ಒಂದು ಭಾನುವಾರ. ಅಳಿಯನ ಬಳಿ ಉಳಿದದ್ದು ಅಕಿಲೀಸ್ ಒಂದೇ. ನನಗೆ 12 ಬಿತ್ತು. ನಾನು ಎದ್ದು ನಿಂತು ಕೈ ತಟ್ಟಿದೆ. ಅವನು ಮಾತಾಡದೆ ಎಂಟು ದಾಳ ಎತ್ತಿ ಪರಾತಕ್ಕೆ ಬಿಟ್ಟ. ಮೂರು 6. ಆ ಮೂರನ್ನು ಮತ್ತೆ ಹಾಕಿದ, ಇನ್ನೊಂದು 6. ನನಗೆ ಉಳಿದಿದ್ದು ಎರಡೇ ಚೌಕ. ಎರಡೂ ಹಡಗು ಒಟ್ಟಿಗೆ ತಳ ಕಂಡವು. ಗೆದ್ದವರು ಯಾರೂ ಇಲ್ಲ, ಆದರೂ ಅಷ್ಟು ಖುಷಿಯ ಆಟ ಇನ್ನೊಂದು ಆಡಿಲ್ಲ.

ಅವತ್ತು ರಾತ್ರಿ ಅವನು ಮೊಬೈಲಿನಲ್ಲಿ ಹುಡುಕಿ ನನಗೆ ತೋರಿಸಿದ: ನಿಜದ ಅಕಿಲೀಸ್ ಮುಳುಗಲೇ ಇಲ್ಲ. 1948ರಲ್ಲಿ ಭಾರತ ಅದನ್ನು ತಂದುಕೊಂಡಿತು. ನಮ್ಮ ನೌಕಾಪಡೆಯಲ್ಲಿ ಅದರ ಹೆಸರು ದೆಹಲಿ. 1961ರಲ್ಲಿ ಪೋರ್ಚುಗೀಸರಿಂದ ದೀವ್ ಬಿಡಿಸಿಕೊಂಡ ಕಾರ್ಯಾಚರಣೆಯಲ್ಲೂ ಇತ್ತು, 1978ರವರೆಗೆ ಸೇವೆಯಲ್ಲಿತ್ತು. ಈಗ ಆ ರಟ್ಟಿನ ಹಡಗಿನ ಮೇಲೆ ಬಾಲ್‌ಪೆನ್ನಿನಲ್ಲಿ 'ದೆಹಲಿ' ಅಂತ ಬರೆದಿದ್ದಾನೆ. ಪಕ್ಷ ಬದಲಾಯಿಸಿದರೂ ಅದನ್ನು ನನಗೆ ಕೊಡುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಅಳತೆಪಟ್ಟಿ ಬಿಸಿಲಿಗೆ ಬಾಗಿದೆ, ಮರದ ಸ್ಕೇಲ್ ತೆಗೆದುಕೊಳ್ಳಿ. ಟಾರ್ಪಿಡೊ ನಿಯಮದ ಪುಟ ಎಷ್ಟು ಓದಿದರೂ ಅರ್ಥವಾಗುವುದಿಲ್ಲ, ನಾವು ಬಿಟ್ಟೇ ಬಿಟ್ಟಿದ್ದೇವೆ. ಹಡಗಿನ ಹಾಳೆಗಳು ಬೇಗ ಖಾಲಿಯಾಗುತ್ತವೆ, ಬರೆಯುವ ಮೊದಲೇ ಜೆರಾಕ್ಸ್ ಮಾಡಿಸಿ. ನಾಲ್ಕು ಸಾವಿರ ನನಗೆ ಈಗಲೂ ಜಾಸ್ತಿಯೇ. ಎರಡೂವರೆ ಸಾವಿರಕ್ಕೆ ಸಿಕ್ಕರೆ ಯೋಚನೆ ಮಾಡದೆ ಕೊಳ್ಳಿ. ಒಬ್ಬರೇ ಆಡುವವರಿಗೆ ಬೇಡ. ನಾಲ್ಕು ಸ್ಟಾರ್.

ಕಳೆದ ವಾರ ಒಂದು ದಾಳ ಲೆಕ್ಕಕ್ಕೆ ಸಿಗಲಿಲ್ಲ. ರಾತ್ರಿ ಜೋಳದ ಹಿಟ್ಟು ನಾದುವಾಗ ಅವ್ವನ ಕೈಗೆ ಸಿಕ್ಕಿತು, 6 ಮೇಲಿತ್ತಂತೆ. ಅದು ನನ್ನ ಏಟು ಅಂದೆ, ಅಳಿಯ ಒಪ್ಪಲಿಲ್ಲ.