ಬೋರ್ಗ್ ಬ್ಯಾಕಪ್: ಮೂರು ವರ್ಷ ಬಳಸಿದ ಮೇಲೆ

ಬೋರ್ಗ್ ಅಂದರೆ ಬ್ಯಾಕಪ್ ತೆಗೆಯುವ ಒಂದು ಸಾಫ್ಟ್‌ವೇರ್. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್, ನೋಟ್‌ಬುಕ್ಕಿನ ರಟ್ಟು, ಹದಿನೈದು ವರ್ಷದ ಡಿಸೈನ್ ಎಲ್ಲಾ ಅದರಲ್ಲೇ ಇವೆ. ಸುಮಾರು 1.8 ಟಿಬಿ, 9 ಲಕ್ಷ ಫೈಲು.

ಮೊದಲು ದಿನಾ ರಾತ್ರಿ, ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡುವ ಆರ್‌ಸಿಂಕ್ ಓಡಿಸುತ್ತಿದ್ದೆ. ಅದು 1996ರಿಂದ ಇರುವ ಗಟ್ಟಿ ಸಾಧನ, ಅದರ ತಪ್ಪೇನೂ ಇಲ್ಲ. ಇಲ್ಲಿ ಅಳಿಸಿದ್ದನ್ನು ಅಲ್ಲೂ ಅಳಿಸುವ ಡಿಲೀಟ್ ಆಯ್ಕೆಯನ್ನು ನಾನೇ ಹಾಕಿಟ್ಟಿದ್ದೆ. ಒಂದು ಸಂಜೆ ಯಾರದೋ ಕೈತಪ್ಪಿ ಜಾತ್ರೆ ಫೋಲ್ಡರ್ ಅಳಿಸಿಹೋಯಿತು. ರಾತ್ರಿ 11ಕ್ಕೆ ಬ್ಯಾಕಪ್ ಓಡಿ, ಆ ಕಡೆ ಡಿಸ್ಕಿನಲ್ಲಿದ್ದದ್ದನ್ನೂ ಅಳಿಸಿತು. ಬೆಳಿಗ್ಗೆ ಡಿಸೈನ್ ಮಾಡುವ ಹುಡುಗ, "ಸರ್, ಜಾತ್ರಿ ಪೋಸ್ಟರ್ ಎಲ್ಲೂ ಕಾಣವಲ್ದ್ರೀ" ಅಂದಾಗ ಕೈಕಾಲು ತಣ್ಣಗಾದವು.

ಆರ್‌ಸಿಂಕ್‌ನಲ್ಲೂ ಹಾರ್ಡ್ ಲಿಂಕ್ ಬಳಸಿ, ಅಂದರೆ ಬದಲಾಗದ ಫೈಲನ್ನು ಮತ್ತೆ ಕಾಪಿ ಮಾಡದೆ ಹಳೆಯದಕ್ಕೇ ಕೊಂಡಿ ಹಾಕಿ, ಹಳೆ ದಿನಗಳ ಪ್ರತಿ ಇಡಬಹುದು. ಆದರೆ ನಮ್ಮಲ್ಲಿ ಫೋಲ್ಡರ್ ಹೆಸರು ಬದಲಿಸುವುದು ಜಾಸ್ತಿ. ಹೆಸರು ಬದಲಾದರೆ ಅಷ್ಟೂ ಫೈಲು ಮತ್ತೆ ಹೊಸದಾಗಿ ಕಾಪಿ ಆಗುತ್ತವೆ. ಅದಕ್ಕೇ ಬೋರ್ಗ್‌ಗೆ ಬಂದೆ. ಇದು ಫೈಲುಗಳನ್ನು ಸರಾಸರಿ 2 ಎಂಬಿಯ ತುಂಡು ಮಾಡಿ, ಒಂದೇ ಥರದ ತುಂಡನ್ನು ಒಂದೇ ಸಲ ಇಡುತ್ತದೆ. ಹೋದ ವರ್ಷ 300 ಜಿಬಿಯ ಒಂದು ಫೋಲ್ಡರಿಗೆ "ಹಳೆಯದು" ಅಂತ ಹೆಸರಿಟ್ಟರು. ದಿನಾ 25 ನಿಮಿಷಕ್ಕೆ ಮುಗಿಯುವ ಬ್ಯಾಕಪ್ ಅವತ್ತು ಮೂರು ತಾಸು ಹಿಡಿಯಿತು, ಯಾಕಂದರೆ ಎಲ್ಲವನ್ನೂ ಮತ್ತೆ ಓದಬೇಕಲ್ವಾ? ಡಿಸ್ಕಿನ ಜಾಗ ಮಾತ್ರ ಹೆಚ್ಚೇನೂ ತಿನ್ನಲಿಲ್ಲ. 7 ದಿನ, 4 ವಾರ, 12 ತಿಂಗಳ ಪ್ರತಿ ಇಟ್ಟರೂ ಒಟ್ಟು 2.3 ಟಿಬಿ ಅಷ್ಟೇ.

ತೊಂದರೆಯೂ ಇದೆ. 1.2 ಆವೃತ್ತಿಯಿಂದ ಹಳೆ ಪ್ರತಿ ತೆಗೆಯುವ ಪ್ರೂನ್ ಕಮಾಂಡ್ ಕೊಟ್ಟರೆ ಸಾಲದು, ಡಿಸ್ಕಿನ ಜಾಗ ಖಾಲಿ ಆಗಲು ಕಾಂಪ್ಯಾಕ್ಟ್ ಕಮಾಂಡ್ ಕೂಡ ಓಡಿಸಬೇಕು. ಅದು ಗೊತ್ತಿಲ್ಲದೆ ಡಿಸ್ಕ್ ಭರ್ತಿ ಮಾಡಿಕೊಂಡಿದ್ದೆ. ಬ್ಯಾಕಪ್ ನಡುವೆ ಕರೆಂಟ್ ಹೋದರೆ ಕೆಲವೊಮ್ಮೆ ಕೆಲಸದ ಹೊತ್ತಿಗೆ ಬೋರ್ಗ್ ತಾನೇ ಹಾಕಿಕೊಂಡ ಬೀಗ (ಲಾಕ್) ಹಾಗೇ ಉಳಿಯುತ್ತದೆ, ಕೈಯಿಂದ ಬಿಡಿಸಬೇಕು. ನಮ್ಮ ಬ್ಯಾಕಪ್ ಗುಪ್ತಲಿಪಿಯಲ್ಲಿ (ಎನ್‌ಕ್ರಿಪ್ಟ್ ಆಗಿ) ಇರುವುದರಿಂದ ಪಾಸ್‌ವರ್ಡ್ ಕಳೆದರಂತೂ ಅದು ಇದ್ದೂ ಇಲ್ಲದಂತೆ. ಪಾಸ್‌ವರ್ಡನ್ನು ಹಾಳೆಯಲ್ಲಿ ಬರೆದು ಮಾಲೀಕರ ಟ್ರೆಜರಿಯಲ್ಲಿ ಇಟ್ಟಿದ್ದೇನೆ. ಅದನ್ನು ಬಿಡಿಸುವ ಕೀಲಿಯನ್ನೂ (ಕೀ ಫೈಲು) ಎಕ್ಸ್‌ಪೋರ್ಟ್ ಮಾಡಿ ಪ್ರಿಂಟ್ ತೆಗೆದಿದ್ದೇನೆ.

ನನಗೆ ತುಂಬಾ ಹಿಡಿಸಿದ್ದು ಮೌಂಟ್ ಕಮಾಂಡ್. ಹಳೆ ತಾರೀಖಿನ ಬ್ಯಾಕಪ್ ಮಾಮೂಲಿ ಫೋಲ್ಡರಿನಂತೆ ತೆರೆದುಕೊಳ್ಳುತ್ತದೆ. ತಿಂಗಳ ಮೊದಲ ಶನಿವಾರ ಮೂರು ತಿಂಗಳ ಹಿಂದಿನ ಒಂದು ಡಿಸೈನ್ ಹೊರತೆಗೆದು, ಅದೇ ಹುಡುಗನ ಕೈಲಿ ತೆರೆಸಿ ನೋಡುತ್ತೇನೆ. ಅಕ್ಷರ, ಬಣ್ಣ ಸರಿ ಇದೆ ಅಂತ ಅವನು ಹೇಳುವ ತನಕ ನನಗೆ ಸಮಾಧಾನ ಇಲ್ಲ. ಎರಡನೇ ಪ್ರತಿ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ನೆಟ್‌ವರ್ಕ್ ಸಂಪರ್ಕದ ಮೂಲಕ ಹುಬ್ಬಳ್ಳಿಯ ಶಾಖೆಗೆ ಹೋಗುತ್ತದೆ.

ವಿಂಡೋಸ್ ಸರ್ವರ್ ಇದ್ದವರು, ನೇರವಾಗಿ ಕ್ಲೌಡ್‌ಗೆ ಕಳಿಸಬೇಕೆನ್ನುವವರು ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ರೆಸ್ಟಿಕ್ ನೋಡಿ. ಲಿನಕ್ಸ್ ಇದ್ದರೆ ಬೋರ್ಗ್ ಹಾಕಿಕೊಳ್ಳಿ.